ಉಸಿರಿನ ಕಷ್ಟವನ್ನು ಅಳೆಯುವ ಪ್ರಶ್ನೆಗಳು

(ದೀರ್ಘಕಾಲದ ಶ್ವಾಸಕೋಶ ರೋಗಿಗಳ ಆರೋಗ್ಯಸ್ಥಿತಿಯನ್ನು ಪ್ರಶ್ನಾವಳಿಯಿಂದ ತಿಳಿಯುವ ಬಗೆ: ಗ್ರಾಮೀಣ ದಂಪತಿಗಳಿಗೆ ತಿಳಿವಳಿಕೆ)

ಅನ್ನವಿಲ್ಲದೆ ಮನುಷ್ಯನು ಹಲವು ದಿನ ಬದುಕಬಲ್ಲನು. ನೀರಿಲ್ಲದೆಯೂ ಒಂದೆರಡು ದಿನ ತಾಳಬಲ್ಲನು. ಆದರೆ ಉಸಿರಿಲ್ಲದೆ ಕೆಲವು ನಿಮಿಷಗಳನ್ನೂ ಕಳೆಯಲಾರನು. ಹೀಗಿದ್ದರೂ ನಮ್ಮ ಗ್ರಾಮಗಳಲ್ಲಿ ಉಸಿರಿನ ಕಾಯಿಲೆಗೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ. ಜ್ವರ ಬಂದರೆ ಮೈ ಸುಡುತ್ತದೆ. ಗಾಯವಾದರೆ ರಕ್ತ ಕಾಣುತ್ತದೆ. ಶ್ವಾಸಕೋಶದ ಕಾಯಿಲೆಯಾದರೋ ಸದ್ದಿಲ್ಲದೆ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತದೆ. “ವಯಸ್ಸಾಯಿತು, ದಮ್ಮು ಬರುವುದು ಸಹಜ” ಎಂದು ರೋಗಿಯೂ ಸುಮ್ಮನಾಗುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ.

ಈ ಕಾಯಿಲೆಯಿಂದ ಒಬ್ಬರ ದೈನಂದಿನ ಬದುಕು ಎಷ್ಟು ಕುಗ್ಗಿದೆ ಎಂಬುದನ್ನು ತಿಳಿಯಲು ವೈದ್ಯರು ಇಂದು ಕೆಲವು ಸರಳ ಪ್ರಶ್ನೆಗಳ ಪಟ್ಟಿಯನ್ನು ಉಪಯೋಗಿಸುತ್ತಾರೆ. ಇದಕ್ಕೆ ಪ್ರಶ್ನಾವಳಿ ಎಂದು ಹೆಸರು. ಅದರಲ್ಲಿ ಏನಿರುತ್ತದೆ, ಅದರಿಂದ ಪ್ರಯೋಜನವೇನು, ಪತಿ ಪತ್ನಿಯರು ಅದಕ್ಕೆ ಹೇಗೆ ಉತ್ತರಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಯಿಲೆ ಯಾವುದು?

ನಾವು ಒಳಗೆಳೆದುಕೊಂಡ ಗಾಳಿಯು ಗಂಟಲಿನಿಂದ ಶ್ವಾಸನಾಳಗಳ ಮೂಲಕ ಶ್ವಾಸಕೋಶಗಳಲ್ಲಿರುವ ಅತಿ ಸಣ್ಣ ಗಾಳಿಚೀಲಗಳನ್ನು ಸೇರುತ್ತದೆ. ಹೊಗೆ ಮತ್ತು ಧೂಳನ್ನು ಅನೇಕ ವರ್ಷಗಳ ಕಾಲ ಸೇವಿಸುತ್ತಿದ್ದರೆ ಶ್ವಾಸನಾಳಗಳ ಒಳಗೋಡೆ ಊದಿಕೊಳ್ಳುತ್ತದೆ, ಕಫ ಹೆಚ್ಚುತ್ತದೆ, ಗಾಳಿಚೀಲಗಳು ಹಾಳಾಗುತ್ತವೆ. ಆಗ ಗಾಳಿಯು ಸರಾಗವಾಗಿ ಹೊರಬರಲಾರದು. ಈ ಸ್ಥಿತಿಯನ್ನು ದೀರ್ಘಕಾಲದ ಶ್ವಾಸನಾಳ ಅಡಚಣೆ ರೋಗ ಎನ್ನುತ್ತಾರೆ. ಆಸ್ಪತ್ರೆಗಳಲ್ಲಿ ಇದನ್ನು ಸಿ.ಓ.ಪಿ.ಡಿ. ಎಂಬ ಹೆಸರಿನಿಂದ ಕರೆಯುವುದು ವಾಡಿಕೆ.

ಇದು ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 35 ಲಕ್ಷ ಜನರು ಇದರಿಂದ ಮರಣ ಹೊಂದಿದರು. ಭಾರತದಲ್ಲಿ 2016ರಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ರೋಗವಿತ್ತೆಂದು ಅಂದಾಜು ಮಾಡಲಾಗಿದೆ.

ಬೀಡಿ, ಸಿಗರೇಟು ಸೇದುವವರಿಗೆ ಮಾತ್ರ ಈ ಕಾಯಿಲೆ ಬರುತ್ತದೆಂಬ ನಂಬಿಕೆ ಬಹಳ ಕಡೆ ಇದೆ. ಇದು ಸರಿಯಲ್ಲ. ಬೀಡಿಯನ್ನು ಕೈಯಿಂದಲೂ ಮುಟ್ಟದ ಗೃಹಿಣಿಯರು, ಸೌದೆ, ಬೆರಣಿ ಮತ್ತು ಬೆಳೆಯ ಕಡ್ಡಿಗಳನ್ನು ಉರಿಸುವ ಒಲೆಯ ಮುಂದೆ ಇಪ್ಪತ್ತು ಮೂವತ್ತು ವರ್ಷ ಕುಳಿತು ಇದೇ ಕಾಯಿಲೆಗೆ ಗುರಿಯಾಗುತ್ತಾರೆ. ಇಟ್ಟಿಗೆ ಗೂಡು, ಕಲ್ಲು ಒಡೆಯುವ ಸ್ಥಳ ಮತ್ತು ಧೂಳು ತುಂಬಿದ ಕಾರ್ಖಾನೆಗಳಲ್ಲಿ ದುಡಿಯುವವರಿಗೂ ಇದು ಬರಬಹುದು.

ಯಂತ್ರವು ಹೇಳುವುದು, ಹೇಳದೆ ಬಿಡುವುದು

ಈ ರೋಗವನ್ನು ಖಚಿತಪಡಿಸಲು ಸ್ಪೈರೋಮೀಟರ್ ಎಂಬ ಉಪಕರಣವಿದೆ. ಇಂಥ ಉಪಕರಣವನ್ನು 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯರು ಬಳಕೆಗೆ ತಂದರು. ರೋಗಿಯು ಪೂರ್ತಿಯಾಗಿ ಉಸಿರೆಳೆದುಕೊಂಡು, ಉಪಕರಣದ ಕೊಳವೆಯೊಳಗೆ ತನ್ನ ಶಕ್ತಿಯಿದ್ದಷ್ಟು ಜೋರಾಗಿ ಊದಬೇಕು. ಊದಿದ ಒಟ್ಟು ಗಾಳಿಯಲ್ಲಿ ಮೊದಲನೆಯ ಒಂದು ಸೆಕೆಂಡಿನಲ್ಲಿ ಎಷ್ಟು ಪಾಲು ಹೊರಬಂದಿತೆಂಬುದನ್ನು ಅದು ತೋರಿಸುತ್ತದೆ. ಶ್ವಾಸನಾಳವನ್ನು ಅಗಲಿಸುವ ಔಷಧಿ ಕೊಟ್ಟ ಮೇಲೂ ಈ ಪಾಲು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಿದ್ದರೆ ಅಡಚಣೆ ಇದೆಯೆಂದು ವೈದ್ಯರು ತೀರ್ಮಾನಿಸುತ್ತಾರೆ.

ಇದು ಅತ್ಯಗತ್ಯವಾದ ಪರೀಕ್ಷೆ. ಆದರೆ ಯಂತ್ರವು ಅಳೆಯುವುದು ಗಾಳಿಯನ್ನು, ರೋಗಿಯ ಬದುಕನ್ನಲ್ಲ. ಒಂದೇ ಅಳತೆ ಬಂದ ಇಬ್ಬರು ರೋಗಿಗಳಲ್ಲಿ ಒಬ್ಬರು ಹೊಲಕ್ಕೆ ಹೋಗಿ ಬರುತ್ತಿರಬಹುದು, ಮತ್ತೊಬ್ಬರು ಮನೆಯ ಹೊಸ್ತಿಲು ದಾಟಲು ಹೆದರುತ್ತಿರಬಹುದು. ರಾತ್ರಿ ನಿದ್ರೆ ಬರುವುದೇ, ಸಂತೆಗೆ ಹೋಗುವ ಧೈರ್ಯವಿದೆಯೇ, ಮೊಮ್ಮಗುವನ್ನು ಎತ್ತಿಕೊಳ್ಳಲು ಸಾಧ್ಯವೇ ಎಂಬ ಸಂಗತಿಗಳು ಯಾವ ಕೊಳವೆಯಿಂದಲೂ ತಿಳಿಯುವುದಿಲ್ಲ. ಕೇಳಿದರೆ ಮಾತ್ರ ತಿಳಿಯುತ್ತವೆ.

ಆರೋಗ್ಯವೆಂದರೆ ರೋಗವಿಲ್ಲದಿರುವುದು ಮಾತ್ರವಲ್ಲ. ದೈಹಿಕ, ಮಾನಸಿಕ ಮತ್ತು ಸಾಮಾಜಿಕ ನೆಮ್ಮದಿಯೇ ಆರೋಗ್ಯ ಎಂಬುದು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದ ಆಶಯ. ಈ ಮೂರನ್ನೂ ಒಟ್ಟಿಗೆ ನೋಡುವ ಪ್ರಯತ್ನವೇ ಪ್ರಶ್ನಾವಳಿ.

ಪ್ರಶ್ನಾವಳಿಗಳು ಬೆಳೆದು ಬಂದ ಬಗೆ

ಕಳೆದ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್ನಿನ ವೈದ್ಯರು ಕಲ್ಲಿದ್ದಲ ಗಣಿಗಳ ಕಾರ್ಮಿಕರನ್ನು ಪರೀಕ್ಷಿಸುತ್ತಿದ್ದಾಗ, ಎಲ್ಲರಿಗೂ ಒಂದೇ ಬಗೆಯಲ್ಲಿ ಪ್ರಶ್ನೆ ಕೇಳದಿದ್ದರೆ ಉತ್ತರಗಳನ್ನು ಹೋಲಿಸಲು ಆಗುವುದಿಲ್ಲವೆಂಬುದನ್ನು ಮನಗಂಡರು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯು 1960ರಲ್ಲಿ ಕೆಮ್ಮು, ಕಫ, ಏದುಸಿರುಗಳನ್ನು ಕುರಿತ ಪ್ರಶ್ನಾವಳಿಯನ್ನು ಪ್ರಕಟಿಸಿತು. ವರ್ಷಕ್ಕೆ ಮೂರು ತಿಂಗಳಂತೆ ಸತತವಾಗಿ ಎರಡು ವರ್ಷ ಕಫಸಹಿತ ಕೆಮ್ಮಿದ್ದರೆ ಅದನ್ನು ದೀರ್ಘಕಾಲದ ಶ್ವಾಸನಾಳಗಳ ಉರಿಯೂತವೆಂದು ಗುರುತಿಸುವ ಪದ್ಧತಿ ಇಂಥ ಪ್ರಶ್ನೆಗಳ ಮೂಲಕವೇ ನೆಲೆಗೊಂಡಿತು.

ಮುಂದೆ 1987ರಲ್ಲಿ ಕೆನಡಾ ದೇಶದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ವೈದ್ಯರು ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿದರು. ಅದರ ವಿಶೇಷ ಗಮನಾರ್ಹವಾದುದು. ತನಗೆ ಮುಖ್ಯವಾದ, ಆದರೆ ಮಾಡುವಾಗ ಏದುಸಿರು ಬರಿಸುವ ಐದು ಕೆಲಸಗಳನ್ನು ರೋಗಿಯೇ ಹೆಸರಿಸಬೇಕು. ಒಬ್ಬರಿಗೆ ಅದು ಕೊಟ್ಟಿಗೆ ಗುಡಿಸುವುದಾಗಿರಬಹುದು, ಇನ್ನೊಬ್ಬರಿಗೆ ದೇವಸ್ಥಾನದ ಮೆಟ್ಟಿಲೇರುವುದಾಗಿರಬಹುದು. ಯಾವುದು ಮುಖ್ಯವೆಂದು ನಿರ್ಧರಿಸುವ ಹಕ್ಕು ರೋಗಿಯದು.

ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಪಾಲ್ ಜೋನ್ಸ್ ಮತ್ತು ಅವರ ಸಂಗಡಿಗರು 1992ರಲ್ಲಿ ಐವತ್ತು ಪ್ರಶ್ನೆಗಳ ಪಟ್ಟಿಯನ್ನು ಪ್ರಕಟಿಸಿದರು. ಅದು ರೋಗಲಕ್ಷಣ, ಕೆಲಸ ಮಾಡುವ ಶಕ್ತಿ ಮತ್ತು ಮನಸ್ಸು ಹಾಗೂ ಸಮಾಜ ಜೀವನದ ಮೇಲಾಗುವ ಪರಿಣಾಮ ಎಂಬ ಮೂರು ಭಾಗಗಳಲ್ಲಿ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ. ಸಂಶೋಧನೆಗೆ ಅದು ಬಹಳ ಉಪಯುಕ್ತವಾಯಿತು. ಆದರೆ ರೋಗಿಗಳು ಸಾಲುಗಟ್ಟಿ ನಿಂತಿರುವ ಆಸ್ಪತ್ರೆಯಲ್ಲಿ ಐವತ್ತು ಪ್ರಶ್ನೆಗಳಿಗೆ ಸಮಯವೆಲ್ಲಿ? ಆದಕಾರಣ 2009ರಲ್ಲಿ ಅವರೇ ಮೊದಲಾದವರು ಎಂಟೇ ಪ್ರಶ್ನೆಗಳ ಚಿಕ್ಕ ಪಟ್ಟಿಯನ್ನು ಸಿದ್ಧಪಡಿಸಿದರು. ಇದಕ್ಕೆ ಸಿ.ಎ.ಟಿ. ಎಂದು ಹೆಸರು.

ನಮ್ಮ ದೇಶದಲ್ಲಿಯೂ ಪ್ರಶ್ನಾವಳಿಗಳು ಹೊಸವಲ್ಲ. ವಯಸ್ಕರಲ್ಲಿ ಅಸ್ತಮಾ ಮತ್ತು ಶ್ವಾಸನಾಳಗಳ ಉರಿಯೂತ ಎಷ್ಟಿದೆಯೆಂದು ತಿಳಿಯಲು ದೇಶದ ಹಲವು ಕೇಂದ್ರಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಮನೆ ಮನೆಗೆ ಹೋಗಿ ಪ್ರಶ್ನೆಗಳನ್ನು ಕೇಳಲಾಯಿತು. ಅದರ ಮೊದಲ ಹಂತದಲ್ಲಿ ಬೆಂಗಳೂರು, ಎರಡನೆಯ ಹಂತದಲ್ಲಿ ಮೈಸೂರು ಕೇಂದ್ರಗಳಾಗಿದ್ದವು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, 35 ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು ಮೂರೂವರೆ ಜನರಿಗೆ ದೀರ್ಘಕಾಲದ ಶ್ವಾಸನಾಳಗಳ ಉರಿಯೂತವಿತ್ತು.

ಏದುಸಿರಿನ ಐದು ದರ್ಜೆಗಳು

ಅತಿ ಸರಳವಾದ ಅಳತೆಯೆಂದರೆ ಏದುಸಿರಿನ ದರ್ಜೆ. ಕೆಳಗಿನ ಐದು ಮಾತುಗಳಲ್ಲಿ ತಮಗೆ ಹೊಂದುವ ಒಂದನ್ನು ರೋಗಿಯು ಆರಿಸಬೇಕು.

ಸೊನ್ನೆ: ಬಹಳ ಶ್ರಮದ ಕೆಲಸ ಮಾಡಿದಾಗ ಮಾತ್ರ ಏದುಸಿರು ಬರುತ್ತದೆ.
ಒಂದು: ಸಮತಟ್ಟಾದ ದಾರಿಯಲ್ಲಿ ಅವಸರದಿಂದ ನಡೆದಾಗ ಅಥವಾ ಸಣ್ಣ ಏರು ಹತ್ತಿದಾಗ ಬರುತ್ತದೆ.
ಎರಡು: ಸಮತಟ್ಟಾದ ದಾರಿಯಲ್ಲಿಯೂ ಓರಗೆಯವರಿಗಿಂತ ನಿಧಾನವಾಗಿ ನಡೆಯಬೇಕಾಗುತ್ತದೆ, ಅಥವಾ ತಮ್ಮದೇ ನಡಿಗೆಯಲ್ಲಿ ನಡೆದರೂ ನಡುವೆ ನಿಲ್ಲಬೇಕಾಗುತ್ತದೆ.
ಮೂರು: ಸುಮಾರು ನೂರು ಮೀಟರು ಅಥವಾ ಕೆಲವೇ ನಿಮಿಷ ನಡೆಯುವಷ್ಟರಲ್ಲಿ ನಿಲ್ಲಬೇಕಾಗುತ್ತದೆ.
ನಾಲ್ಕು: ಮನೆಯಿಂದ ಹೊರಡಲಾರದಷ್ಟು ಏದುಸಿರು, ಬಟ್ಟೆ ಉಡುವಾಗ, ಕಳಚುವಾಗಲೂ ಉಸಿರು ಕಟ್ಟುತ್ತದೆ.

ಎರಡನೆಯ ದರ್ಜೆ ಅಥವಾ ಅದಕ್ಕಿಂತ ಮೇಲಿದ್ದರೆ ಕಾಯಿಲೆಯ ಬಾಧೆ ಹೆಚ್ಚಾಗಿದೆಯೆಂದು ವೈದ್ಯರು ಪರಿಗಣಿಸುತ್ತಾರೆ. ಓರಗೆಯವರೊಡನೆ ಜಾತ್ರೆಗೋ ಹೊಲಕ್ಕೋ ಹೊರಟಾಗ ತಾವು ಹಿಂದೆ ಬೀಳುತ್ತಿದ್ದೇವೆಯೇ ಎಂದು ಗಮನಿಸಿದರೆ ಸಾಕು, ಈ ದರ್ಜೆಯನ್ನು ಯಾರಾದರೂ ತಿಳಿಯಬಹುದು.

ಎಂಟು ಪ್ರಶ್ನೆಗಳು

ಏದುಸಿರೊಂದೇ ಕಾಯಿಲೆಯಲ್ಲ. ಆದುದರಿಂದ ಎಂಟು ಪ್ರಶ್ನೆಗಳ ಪಟ್ಟಿಯು ಈ ಕೆಳಗಿನ ಸಂಗತಿಗಳನ್ನು ಒಂದೊಂದಾಗಿ ವಿಚಾರಿಸುತ್ತದೆ.

1. ಕೆಮ್ಮು ಎಷ್ಟು ಬರುತ್ತದೆ?
2. ಎದೆಯಲ್ಲಿ ಕಫ ಎಷ್ಟು ತುಂಬಿದೆ?
3. ಎದೆ ಬಿಗಿದಂತೆ ಆಗುತ್ತದೆಯೇ?
4. ಏರು ಅಥವಾ ಒಂದು ಅಂತಸ್ತಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ?
5. ಮನೆಯಲ್ಲಿ ಮಾಡುವ ಕೆಲಸಗಳಿಗೆ ಅಡ್ಡಿಯಾಗಿದೆಯೇ?
6. ಕಾಯಿಲೆಯಿದ್ದರೂ ಮನೆಯಿಂದ ಹೊರಗೆ ಹೋಗುವ ಧೈರ್ಯವಿದೆಯೇ?
7. ಚೆನ್ನಾಗಿ ನಿದ್ರೆ ಬರುತ್ತದೆಯೇ?
8. ಮೈಯಲ್ಲಿ ಶಕ್ತಿ, ಲವಲವಿಕೆ ಇದೆಯೇ?

ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ಐದರವರೆಗೆ ಅಂಕ. ಸ್ವಲ್ಪವೂ ತೊಂದರೆ ಇಲ್ಲದಿದ್ದರೆ ಸೊನ್ನೆ. ತೊಂದರೆ ಅತಿಯಾಗಿದ್ದರೆ ಐದು. ಧೈರ್ಯ, ನಿದ್ರೆ ಮತ್ತು ಶಕ್ತಿಯ ಪ್ರಶ್ನೆಗಳಲ್ಲಿಯೂ ಹೀಗೆಯೇ: ಚೆನ್ನಾಗಿದ್ದರೆ ಸೊನ್ನೆ, ತೀರ ಇಲ್ಲದಿದ್ದರೆ ಐದು. ಎಂಟನ್ನೂ ಕೂಡಿದರೆ ಹೆಚ್ಚೆಂದರೆ ನಲವತ್ತು. ಪರೀಕ್ಷೆಯಲ್ಲಿ ಅಂಕ ಹೆಚ್ಚಿದ್ದರೆ ಸಂತೋಷ. ಇಲ್ಲಿ ಮಾತ್ರ ಅಂಕ ಹೆಚ್ಚಿದಷ್ಟೂ ಕಾಯಿಲೆಯ ಬಾಧೆ ಹೆಚ್ಚು.

ಹತ್ತಕ್ಕಿಂತ ಕಡಿಮೆ: ಬಾಧೆ ಅಲ್ಪ.
10ರಿಂದ 20: ಮಧ್ಯಮ.
21ರಿಂದ 30: ಹೆಚ್ಚು.
30ಕ್ಕೆ ಮೇಲೆ: ಅತಿ ಹೆಚ್ಚು.

ಉತ್ತರ ಯಾರದಾಗಿರಬೇಕು?

ದಂಪತಿಗಳು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು. ನಮ್ಮ ಗ್ರಾಮಗಳಲ್ಲಿ ಪತ್ನಿಯನ್ನು ಆಸ್ಪತ್ರೆಗೆ ಕರೆತಂದ ಪತಿಯೇ ಅವಳ ಪರವಾಗಿ ಉತ್ತರಿಸುವುದು ರೂಢಿ. ಅದರ ಹಿಂದೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೂ ಅದರಿಂದಾಗುವ ನಷ್ಟವೆಂಥದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಕಾಯಿಲೆ ಈಗಾಗಲೇ ಗೊತ್ತಾಗಿರುವ ಐವತ್ತೈದು ವರ್ಷದ ಗೃಹಿಣಿಯೊಬ್ಬರು ಪತಿಯೊಡನೆ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾರೆಂದು ಭಾವಿಸೋಣ.

ಆರೋಗ್ಯ ಸಹಾಯಕಿ: ಅಮ್ಮಾ, ಮನೆಗೆಲಸ ಮಾಡುವಾಗ ದಮ್ಮು ಕಟ್ಟುತ್ತದೆಯೇ?

ಪತಿ: ಅವಳಿಗೇನಿಲ್ಲ ತಾಯಿ. ಮನೆಗೆಲಸವೆಲ್ಲ ಅವಳೇ ಮಾಡುತ್ತಾಳೆ. ಬೆಳಗಿನ ಹೊತ್ತು ಕೆಮ್ಮುತ್ತಾಳೆ, ಅಷ್ಟೆ.

ಆರೋಗ್ಯ ಸಹಾಯಕಿ: ಇರಲಿ ಯಜಮಾನರೇ, ಅಮ್ಮನವರೇ ಹೇಳಲಿ. ಹೇಳಿ ಅಮ್ಮಾ, ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದಾದರೂ ಇದೆಯೇ?

ಪತ್ನಿ: ಬಿಟ್ಟಿಲ್ಲ ತಾಯಿ. ಒಂದು ಕೊಡ ನೀರು ತರುವಾಗ ನಡುವೆ ಎರಡು ಸಲ ಇಳಿಸುತ್ತೇನೆ. ಮುದ್ದೆ ತೊಳಸುವಾಗ ಉಸಿರು ಸಿಕ್ಕಿದಂತಾಗಿ ಸೊಸೆಯನ್ನು ಕರೆಯುತ್ತೇನೆ. ತವರಿನ ಹಬ್ಬಕ್ಕೆ ಹೋಗಿ ಎರಡು ವರ್ಷವಾಯಿತು; ದಾರಿಯಲ್ಲಿ ಏನಾದರೂ ಆದರೆ ಎಂದು ಭಯ.

ಪತಿ: ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ?

ಪತ್ನಿ: ಹೇಳಿದರೆ ಆಸ್ಪತ್ರೆಗೆ ಅಲೆಯಬೇಕು, ನಿಮ್ಮ ಕೆಲಸ ಕೆಡುತ್ತದೆ. ಹೇಗೋ ನಡೆಯುತ್ತಿದೆಯಲ್ಲ ಎಂದು ಸುಮ್ಮನಿದ್ದೆ.

ಪತಿಯ ಮಾತನ್ನೇ ಬರೆದುಕೊಂಡಿದ್ದರೆ ಅಂಕಗಳು ಹೀಗಾಗುತ್ತಿದ್ದವು: ಕೆಮ್ಮು 3, ಕಫ 1, ಎದೆ ಬಿಗಿತ 0, ಏರು ಹತ್ತುವುದು 1, ಮನೆಗೆಲಸ 0, ಧೈರ್ಯ 0, ನಿದ್ರೆ 0, ಶಕ್ತಿ 1. ಒಟ್ಟು 6. ಪತ್ನಿ ತಾವೇ ಯೋಚಿಸಿ ಕೊಟ್ಟ ಅಂಕಗಳು: 3, 3, 2, 4, 4, 2, 2, 3. ಒಟ್ಟು 23. ಮೊದಲನೆಯ ಲೆಕ್ಕದಂತೆ ಬಾಧೆ ಅಲ್ಪ, ಎರಡನೆಯದರಂತೆ ಹೆಚ್ಚು. ರೋಗಿ ಒಬ್ಬರೇ, ಕಾಯಿಲೆ ಒಂದೇ. ಆದರೆ ಆರು ಅಂಕದ ರೋಗಿಗೆ ವೈದ್ಯರು ಕೊಡುವ ಚಿಕಿತ್ಸೆ ಬೇರೆ, ಇಪ್ಪತ್ತಮೂರು ಅಂಕದ ರೋಗಿಗೆ ಕೊಡುವ ಚಿಕಿತ್ಸೆ ಬೇರೆ. ತಪ್ಪು ಉತ್ತರದಿಂದ ಆಕೆಗೆ ಸಲ್ಲಬೇಕಾದ ಚಿಕಿತ್ಸೆ ಸಲ್ಲದೆ ಹೋಗುತ್ತಿತ್ತು.

ಪತಿ ಸುಳ್ಳು ಹೇಳಲಿಲ್ಲ. ಕಿವಿಗೆ ಬಿದ್ದ ಕೆಮ್ಮನ್ನು ಸರಿಯಾಗಿಯೇ ಹೇಳಿದರು. ಬಾವಿಯ ದಾರಿಯಲ್ಲಿ ಇಳಿಸಿದ ಕೊಡವನ್ನು ಅವರು ಕಂಡಿರಲಿಲ್ಲ, ಅಷ್ಟೆ. ಒಬ್ಬರ ಉಸಿರಿನ ಕಷ್ಟವನ್ನು ಇನ್ನೊಬ್ಬರು ಎಷ್ಟೇ ಪ್ರೀತಿಯಿಂದ ನೋಡಿದರೂ ಒಳಗಿನಿಂದ ಅರಿಯಲಾರರು.

ಪುರುಷರ ಸಂಗತಿ ಇನ್ನೊಂದು ಬಗೆಯದು. “ನನಗೆ ಏದುಸಿರೇ ಬರುವುದಿಲ್ಲ” ಎಂದು ಹೇಳುವ ಯಜಮಾನರು ಹೊಲಕ್ಕೆ ಹೋಗುವುದನ್ನೇ ನಿಲ್ಲಿಸಿ ಜಗಲಿಯ ಮೇಲೆ ಕುಳಿತಿರುತ್ತಾರೆ. ನಡೆಯದವನಿಗೆ ಏದುಸಿರು ಎಲ್ಲಿಂದ ಬರಬೇಕು? ಈ ಕಾಯಿಲೆಯ ದೊಡ್ಡ ಮೋಸವೇ ಇದು. ಉಸಿರು ಕುಗ್ಗಿದಂತೆ ಮನುಷ್ಯನು ಅರಿವಿಲ್ಲದೆಯೇ ತನ್ನ ಕೆಲಸವನ್ನೂ ಓಡಾಟವನ್ನೂ ಕುಗ್ಗಿಸಿಕೊಳ್ಳುತ್ತಾನೆ. ಆದುದರಿಂದ ಉತ್ತರಿಸುವ ಮುನ್ನ “ಎರಡು ವರ್ಷದ ಹಿಂದೆ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೇನೆ?” ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಇದನ್ನು ನೆನಪಿಸಿಕೊಡುವುದರಲ್ಲಿ ಬಾಳಸಂಗಾತಿಯ ಸಹಾಯ ಅಮೂಲ್ಯವಾದುದು. ನೆನಪಿಸುವುದು ಸಂಗಾತಿಯ ಕೆಲಸ. ಅಂಕ ಕೊಡುವುದು ರೋಗಿಯ ಕೆಲಸ.

ಅಂಕಗಳ ಉಪಯೋಗವೇನು?

ಮೊದಲನೆಯದಾಗಿ, ಚಿಕಿತ್ಸೆಯನ್ನು ನಿರ್ಧರಿಸಲು ಅವು ಸಹಾಯಕ. ಅಂಕಗಳ ಜೊತೆಗೆ, ಕಳೆದ ಒಂದು ವರ್ಷದಲ್ಲಿ ಕಾಯಿಲೆ ಎಷ್ಟು ಸಲ ಉಲ್ಬಣಿಸಿತು, ಆಸ್ಪತ್ರೆಗೆ ಸೇರಬೇಕಾಯಿತೇ ಎಂಬುದನ್ನೂ ವೈದ್ಯರು ಕೇಳುತ್ತಾರೆ.

ಎರಡನೆಯದಾಗಿ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಬಹುದು. ಮೇಲಿನ ಗೃಹಿಣಿಯೇ ಔಷಧಿಯನ್ನು ಕ್ರಮವಾಗಿ ಸೇದಿಕೊಂಡು, ಒಲೆಯ ಹೊಗೆಯಿಂದ ದೂರವಿದ್ದು, ದಿನವೂ ಸ್ವಲ್ಪ ಸ್ವಲ್ಪ ನಡೆದು ಮೂರು ತಿಂಗಳ ನಂತರ ಮತ್ತೆ ಉತ್ತರಿಸಿದಾಗ 2, 2, 1, 3, 3, 1, 2, 2 ಎಂದು ಒಟ್ಟು 16 ಅಂಕ ಬಂದಿತೆನ್ನೋಣ. ಏಳು ಅಂಕ ಇಳಿದಿದೆ. ಈ ಪಟ್ಟಿಯಲ್ಲಿ ಎರಡು ಅಂಕದ ವ್ಯತ್ಯಾಸವನ್ನೇ ರೋಗಿಗೆ ಅನುಭವಕ್ಕೆ ಬರುವಷ್ಟು ಬದಲಾವಣೆಯೆಂದು ತಜ್ಞರು ಎಣಿಸುತ್ತಾರೆ. ಅಂಕ ಇಳಿಯದೆ ಏರುತ್ತಿದ್ದರೆ, ಔಷಧಿಯನ್ನು ಬದಲಿಸಬೇಕೇ, ಇನ್‌ಹೇಲರನ್ನು ಸರಿಯಾಗಿ ಉಪಯೋಗಿಸುತ್ತಿದ್ದಾರೆಯೇ ಎಂದು ವೈದ್ಯರು ವಿಚಾರಿಸುತ್ತಾರೆ.

ಮೂರನೆಯದಾಗಿ, ಯಂತ್ರದ ಕಣ್ಣಿಗೆ ಬೀಳದ ಸುಧಾರಣೆಯನ್ನು ಪ್ರಶ್ನಾವಳಿ ತೋರಿಸುತ್ತದೆ. ಕ್ರಮಬದ್ಧವಾದ ನಡಿಗೆ, ಕೈಕಾಲುಗಳ ವ್ಯಾಯಾಮ ಮತ್ತು ಉಸಿರಾಟದ ಅಭ್ಯಾಸಗಳಿಂದ ಸ್ಪೈರೋಮೀಟರಿನ ಅಳತೆ ಅಷ್ಟಾಗಿ ಬದಲಾಗದು. ಆದರೆ ರೋಗಿಯ ಏದುಸಿರು, ಆಯಾಸ ಮತ್ತು ಭಯ ಕಡಿಮೆಯಾಗುವುದು ಪ್ರಶ್ನಾವಳಿಗಳಿಂದ ಸ್ಪಷ್ಟವಾಗಿದೆ. ಹಾಳಾದ ಗಾಳಿಚೀಲಗಳು ಮತ್ತೆ ಮೊದಲಿನಂತಾಗಲಾರವು. ಬದುಕು ಮಾತ್ರ ಹಸನಾಗಬಲ್ಲದು.

ಮನೆಬಾಗಿಲಿಗೆ ಬರುವ ಪಟ್ಟಿ

ಆಶಾ ಕಾರ್ಯಕರ್ತೆಯರು 30 ವರ್ಷ ಮೀರಿದವರ ಮನೆಗಳಿಗೆ ಬಂದು ಒಂದು ಪಟ್ಟಿಯನ್ನು ತುಂಬಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರುಗಳ ಜೊತೆಗೆ ಉಸಿರಿನ ಕಾಯಿಲೆಯ ಪ್ರಶ್ನೆಗಳೂ ಅದರಲ್ಲಿವೆ. ಏದುಸಿರು ಬರುತ್ತದೆಯೇ, ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮಿದೆಯೇ, ತಂಬಾಕು ಉಪಯೋಗಿಸುತ್ತೀರಾ, ಅಡಿಗೆಗೆ ಯಾವ ಇಂಧನ ಬಳಸುತ್ತೀರಿ, ಹೊಗೆ ಧೂಳಿನ ನಡುವೆ ಕೆಲಸ ಮಾಡುತ್ತೀರಾ ಎಂದು ಅವರು ಕೇಳುತ್ತಾರೆ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದ್ದು, ನೀರು ಕಾಯಿಸಲು ಮತ್ತು ಮುದ್ದೆ ಬೇಯಿಸಲು ಸೌದೆ ಒಲೆಯನ್ನೇ ಬಳಸುತ್ತಿದ್ದರೆ ಅದನ್ನೂ ಹೇಳಬೇಕು. “ಗ್ಯಾಸ್ ಇದೆ” ಎಂದಷ್ಟೇ ಹೇಳಿದರೆ ಹೊಗೆಯ ಸಂಗತಿ ಮರೆಯಾಗುತ್ತದೆ.

ಈ ಪಟ್ಟಿ ಮೇಲೆ ಹೇಳಿದ ಎಂಟು ಪ್ರಶ್ನೆಗಳ ಪಟ್ಟಿಗಿಂತ ಬೇರೆ. ಇದು ಯಾರನ್ನು ಪರೀಕ್ಷೆಗೆ ಕಳುಹಿಸಬೇಕೆಂದು ಸೂಚಿಸುತ್ತದೆ. ಅದು ರೋಗವಿರುವವರ ಬಾಧೆಯನ್ನು ಅಳೆಯುತ್ತದೆ. ಎರಡರಲ್ಲಿ ಯಾವುದೂ ಒಂದೇ ರೋಗವನ್ನು ನಿರ್ಣಯಿಸಲಾರದು. ಏದುಸಿರು ರಕ್ತಹೀನತೆಯಿಂದಲೂ ಬರಬಹುದು, ಹೃದಯದ ಕಾಯಿಲೆಯಿಂದಲೂ ಬರಬಹುದು. ಎರಡು ವಾರ ಮೀರಿದ ಕೆಮ್ಮು ಕ್ಷಯದ ಸೂಚನೆಯಾಗಿರಬಹುದು. ಅಂಥವರು ಕಫ ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಿಸಿಕೊಳ್ಳಬೇಕು.

ಉತ್ತರಿಸುವಾಗ ನೆನಪಿಡಬೇಕಾದ ಅಂಶಗಳು

1. ಇದು ಪರೀಕ್ಷೆಯಲ್ಲ. ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ. ಇದ್ದುದನ್ನು ಇದ್ದಂತೆ ಹೇಳುವುದೇ ಸರಿ.
2. ಓದಲು ಬಾರದವರು ಪ್ರಶ್ನೆಯನ್ನು ಓದಿಸಿಕೊಳ್ಳಬಹುದು. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಲು ಸಂಕೋಚಪಡಬಾರದು.
3. ಪತಿ, ಮಗ ಅಥವಾ ಅತ್ತೆಯ ಮುಂದೆ ಹೇಳಲು ಮುಜುಗರವಾದರೆ ಪ್ರತ್ಯೇಕವಾಗಿ ಕೇಳುವಂತೆ ಆರೋಗ್ಯ ಸಹಾಯಕಿಯರನ್ನು ಕೋರಬಹುದು.
4. ಇಂದಿನ ಸ್ಥಿತಿಯನ್ನು ಹೇಳಬೇಕು. “ಮೊದಲಿಗಿಂತ ಪರವಾಗಿಲ್ಲ” ಎಂಬ ಉತ್ತರದಿಂದ ಅಂಕ ಕೊಡಲಾಗದು.
5. ಅಂಕವನ್ನು ದಿನಾಂಕದೊಡನೆ ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿಡಬೇಕು. ಮುಂದಿನ ಸಲ ಅದನ್ನು ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಮಾತು. ಉಸಿರಿನ ಕಾಯಿಲೆಯು ದಾಂಪತ್ಯ ಜೀವನವನ್ನೂ ತಟ್ಟುತ್ತದೆ. ಏದುಸಿರಿನ ಭಯದಿಂದ ದಂಪತಿಗಳು ಪರಸ್ಪರ ದೂರವಾಗುವುದುಂಟು. ರಾತ್ರಿಯ ಕೆಮ್ಮಿನಿಂದ ಇಬ್ಬರ ನಿದ್ರೆಯೂ ಕೆಡುವುದುಂಟು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿದರೆ ಪರಿಹಾರ ದೊರೆಯುತ್ತದೆ.

ಸಂದೇಹ ಮತ್ತು ಸಮಾಧಾನ

ಪ್ರಶ್ನೆ: ಅಂಕ ಹೆಚ್ಚು ಬಂದರೆ ಆಯುಸ್ಸು ಕಡಿಮೆಯೆಂದು ಅರ್ಥವೇ?
ಉತ್ತರ: ಅಲ್ಲ. ಈಗಿನ ಬಾಧೆ ಹೆಚ್ಚಾಗಿದೆ, ಚಿಕಿತ್ಸೆಗೆ ಹೆಚ್ಚಿನ ಗಮನ ಬೇಕು ಎಂದಷ್ಟೇ ಅರ್ಥ.

ಪ್ರಶ್ನೆ: ಇನ್‌ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದೆಯಂತೆ, ನಿಜವೇ?
ಉತ್ತರ: ನಿಜವಲ್ಲ. ಔಷಧಿಯು ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ. ಅಂಕ ಇಳಿಯಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಪ್ರಶ್ನೆ: ಇಷ್ಟು ವರ್ಷ ಬೀಡಿ ಸೇದಿದ ಮೇಲೆ ಈಗ ಬಿಟ್ಟು ಪ್ರಯೋಜನವೇನು?
ಉತ್ತರ: ಯಾವ ವಯಸ್ಸಿನಲ್ಲಿ ಬಿಟ್ಟರೂ ಶ್ವಾಸಕೋಶ ಕುಗ್ಗುವ ವೇಗ ತಗ್ಗುತ್ತದೆ. ಬಿಡಲು ನೆರವು ಬೇಕಾದವರು 1800-11-2356 ಎಂಬ ಉಚಿತ ದೂರವಾಣಿಗೆ ಕರೆ ಮಾಡಬಹುದು.

ಪ್ರಶ್ನೆ: ಹೊಗೆಯಿಂದ ಪಾರಾಗುವುದು ಹೇಗೆ?
ಉತ್ತರ: ಸಾಧ್ಯವಾದಷ್ಟು ಅಡಿಗೆಯನ್ನು ಗ್ಯಾಸ್ ಒಲೆಯಲ್ಲಿ ಮಾಡಬೇಕು. ಸೌದೆ ಅನಿವಾರ್ಯವಾದಲ್ಲಿ ಹೊಗೆ ಕೊಳವೆಯಿರುವ ಒಲೆಯನ್ನು ಬಳಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಈ ಬಗೆಯದು. ಅಡಿಗೆಮನೆಗೆ ಕಿಟಕಿ ಇರಬೇಕು. ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ಹೊಗೆಯಿಂದ ದೂರವಿರಿಸಬೇಕು.

ತಡಮಾಡಬಾರದ ಸಂದರ್ಭಗಳು

ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ಅಥವಾ ಉಗುರು ನೀಲಿಗಟ್ಟುವುದು, ಮಂಪರು ಅಥವಾ ಗೊಂದಲ, ಕಫದಲ್ಲಿ ರಕ್ತ ಕಾಣುವುದು: ಇವುಗಳಲ್ಲಿ ಯಾವುದಾದರೂ ಇದ್ದರೆ ಪ್ರಶ್ನಾವಳಿಗಾಗಿ ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಸಿರು ತೀರ ಕಟ್ಟಿದ್ದರೆ 108ಕ್ಕೆ ಕರೆ ಮಾಡಬೇಕು.

ಸುಖೀ ಸಂಸಾರಕ್ಕೆ ಇಬ್ಬರ ಆರೋಗ್ಯವೂ ಬೇಕು. ಪತಿಯು ಪತ್ನಿಯನ್ನು, ಪತ್ನಿಯು ಪತಿಯನ್ನು “ಈಚೆಗೆ ಯಾವ ಕೆಲಸಕ್ಕೆ ಉಸಿರು ಸಾಲದೆ ಬಂದಿದೆ?” ಎಂದು ಕೇಳಿ, ಉತ್ತರವನ್ನು ತಾಳ್ಮೆಯಿಂದ ಆಲಿಸಲಿ. ಕೇಳಿದ ಮೇಲೆ ಜೊತೆಯಾಗಿ ಆರೋಗ್ಯ ಕೇಂದ್ರಕ್ಕೆ ಬರಲಿ. ಅಲ್ಲಿ ಮಾತ್ರ, ಯಾರ ಉಸಿರೋ ಅವರೇ ಉತ್ತರಿಸಲಿ.